ಕನ್ನಡಿ ಹಿಡಿದು ಓದಿದ ಹೆಸರು

ಜೆರಿಕೊ, ಆಕ್ಸ್‌ಫರ್ಡ್
ಮಂಗಳವಾರ, 14 ಅಕ್ಟೋಬರ್ 2025

ಜೆರಿಕೊ ಸ್ಮಶಾನದ ಸರ್ವಾಧಿಕಾರಿಗಳೂ ಐವಿ ಬಳ್ಳಿಯ ಆಜನ್ಮ ಶತ್ರುಗಳೂ ಆದ ನನ್ನ ಪ್ರೀತಿಯ ಸಿರಿಲ್ ತಾತನ ಸನ್ನಿಧಾನಕ್ಕೆ,

ನಿನ್ನ ಮೊಮ್ಮಗ ನೆಡ್ ಅತ್ಯಂತ ಗಂಭೀರವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನೀನು ಆಸ್ಪತ್ರೆ ಸೇರಿದ ಈ ಆರು ದಿನಗಳಲ್ಲಿ ಸ್ಮಶಾನದ ನಿವಾಸಿಗಳೆಲ್ಲ ಕ್ಷೇಮ. ಯಾರೂ ಜಾಗ ಬಿಟ್ಟು ಕದಲಿಲ್ಲ. ಸ್ಮಶಾನ ಚೊಕ್ಕಟ ಮಾಡುವ ನಮ್ಮ ಶನಿವಾರದ ಗುಂಪಿನವರು ಮುಳ್ಳುಪೊದೆ ಸವರಿದರು. ಗುಂಪಿನ ಮೇವಿಸ್ ಅಜ್ಜಿ ಶುಂಠಿ ಕೇಕ್ ತಂದಿದ್ದರು. ನಿನ್ನ ಪಾಲನ್ನು ನಿನ್ನ ಹೆಸರು ಹೇಳಿಕೊಂಡು ನಾನೇ ತಿಂದೆ. ಹಿಂದಿನಿಂದ ಹೋಗಿ ನಿನ್ನ ದನಿಯಲ್ಲಿ, "ಟೀ ಎಲ್ಲಿ ಮೇವಿಸ್, ಸತ್ತೋರಿಗೂ ಬಾಯಾರತ್ತೆ" ಅಂದರೆ, ಆಕೆ ಬೆಚ್ಚಿಬಿದ್ದು, "ಅಯ್ಯೋ, ಸಿರಿಲ್ ಬಂದ್ಬಿಟ್ರಾ!" ಅಂದರು. ಆಮೇಲೆ ನನ್ನ ಬೆನ್ನಿಗೆ ಎರಡು ಬಿತ್ತು.

ಇಷ್ಟು ತಮಾಷೆ ಸಾಕು. ಶುಕ್ರವಾರ ನಿನ್ನ ಎದೆ ಕೊಯ್ಯುತ್ತಾರೆ. ಅದರ ಹಿಂದಿನ ದಿನ ಕಲ್ಲುಕುಟಿಗ ಡೆನ್ಜಿಲ್ ಬಂದು, ಗೋಡೆ ಪಕ್ಕದ ಮರದಡಿಯ ಆ ಕಲ್ಲಿನ ಮುಖ ಉಜ್ಜಿ ನಯ ಮಾಡಿ, ಹೊಸದಾಗಿ ನಿನ್ನಜ್ಜಿ ಹ್ಯಾರಿಯೆಟ್ ಬೌಲ್ ಹೆಸರು ಕೊರೆಯುತ್ತಾನೆ. ಅಷ್ಟರೊಳಗೆ ನಾನೊಂದು ಮಾತು ಹೇಳಬೇಕು. ಹೇಳಲೆಂದೇ ಮೂರು ಸಲ ವಾರ್ಡಿಗೆ ಬಂದೆ. ಮೂರು ಸಲವೂ ದ್ರಾಕ್ಷಿ ಕೊಟ್ಟು, ನರ್ಸ್ ನಡೆಯುವುದನ್ನು ಅಣಕಿಸಿ, ನಿನ್ನನ್ನು ನಗಿಸಿ ವಾಪಸು ಹೋದೆ.

ಜೂನ್ ತಿಂಗಳ ಆ ಬೆಳಿಗ್ಗೆ ನೆನಪಿದೆಯಲ್ಲ? ನಿನ್ನ ಕಣ್ಣಿಗೆ ಪೊರೆ ಬಂದ ಮೇಲೆ ಕಲ್ಲು ಓದುವ ಕೆಲಸ ನನ್ನದು. ನಿನ್ನ ಕ್ಷೌರದ ಕನ್ನಡಿಯಲ್ಲಿ ಬಿಸಿಲು ಹಿಡಿದು ಕಲ್ಲಿನ ಮೇಲೆ ಓರೆಯಾಗಿ ಹಾಯಿಸುವುದು, ಸವೆದ ಅಕ್ಷರದ ಗುಂಡಿಯಲ್ಲಿ ನೆರಳು ನಿಂತರೆ ಓದುವುದು. ನಾನು ಓದಿದ್ದನ್ನು ನೀನು ನಿನ್ನ ಸಮಾಧಿಗಳ ಪುಸ್ತಕಕ್ಕೆ ಇಳಿಸುವುದು. ನಡುನಡುವೆ ಸುಳ್ಳು ಓದುವುದೂ ನಮ್ಮ ಪದ್ಧತಿಯೇ. "ಇಲ್ಲಿ ಮಲಗಿರುವನು ಕಾಲೇಜಿನ ಬಾಣಸಿಗ, ತನ್ನದೇ ಪುಡಿಂಗ್ ತಿಂದು ದಿವಂಗತನಾದವನು" ಎಂದು ನಾನು ಪಾದ್ರಿಯ ರಾಗದಲ್ಲಿ ಓದಿದಾಗ ನೀನು ಅರ್ಧ ಬರೆದು, "ಲೋ ಕತ್ತೆ, ಪೆನ್ಸಿಲ್ ದಂಡ ಮಾಡಿಸ್ತೀಯಲ್ಲೋ!" ಅಂತ ಮೂಗಿನಿಂದ ಟೀ ಬರುವ ತನಕ ನಕ್ಕಿದ್ದೆ.

ಅವತ್ತೂ ಅದೇ ಆಟ, ತಾತ. ಆ ಕಲ್ಲಿನ ಮೇಲೆ ನನಗೇನೂ ಕಾಣಲಿಲ್ಲ. ನಿನ್ನ ಬಾಯಲ್ಲಿ ಸದಾ ಕೇಳುತ್ತಿದ್ದ ಹೆಸರೇ ನಾಲಿಗೆಗೆ ಬಂತು, "ಹ್ಯಾರಿಯೆಟ್ ಬೌಲ್, ಕಾಲೇಜಿನ ಬಟ್ಟೆ ಒಗೆದವಳು" ಎಂದು ಶುರುಮಾಡಿದೆ. ಮೂವರು ಬಿಷಪ್ಪರ ಒಳಚಡ್ಡಿ ಇಸ್ತ್ರಿಯಲ್ಲಿ ಸುಟ್ಟ ಪಾಪಕ್ಕೆ ಅವಳು ಏನಾದಳೆಂಬ ಸಾಲು ಬಾಯಲ್ಲಿ ಸಿದ್ಧವಿತ್ತು. ಅಷ್ಟರಲ್ಲಿ ನೀನು ಟೋಪಿ ತೆಗೆದೆ. ಒದ್ದೆ ಹುಲ್ಲಿನ ಮೇಲೆ ಆ ನೋಯುವ ಮಂಡಿ ಊರಿದೆ. "ಅಮ್ಮ ಹೇಳ್ತಿದ್ಳು ಕಣೋ, ಗೋಡೆ ಹತ್ರ, ಮರದ ಕೆಳಗೆ ಅಂತ. ಅವಳಮ್ಮನ್ನ ಮಣ್ಣು ಮಾಡಿದಾಗ ಮೂರು ವರ್ಷದ ಮಗು, ಅಷ್ಟೇ ನೆನಪಿದ್ದಿದ್ದು ಅವಳಿಗೆ. ಸಿಕ್ಳಲ್ಲೋ ನೆಡ್!" ಅಂದೆ. ಸ್ಮಶಾನದ ಹಳೆಯ ದಾಖಲೆ ಪುಸ್ತಕದಲ್ಲಿ ಹೆಸರು ಮಾತ್ರ ಇದ್ದು ಜಾಗ ಬರೆಯದೆ ಬಿಟ್ಟವಳನ್ನು ಹನ್ನೊಂದು ವರ್ಷ ಹುಡುಕಿದವನು ನೀನು. ಉಳಿದ ಸಾಲನ್ನು ನಾನು ನುಂಗಿಬಿಟ್ಟೆ. ಅದು ನಾಲ್ಕು ತಿಂಗಳಿಂದ ಗಂಟಲಲ್ಲೇ ಇದೆ.

ಇವತ್ತು ಬೆಳಿಗ್ಗೆ ಎಂಟೂವರೆಗೆ ಮತ್ತೆ ಹೋದೆ. ಅಕ್ಟೋಬರಿನ ಬಿಸಿಲು ನೆಲಕ್ಕೆ ಒರಗಿಕೊಂಡೇ ಬರುತ್ತದೆ, ಕನ್ನಡಿಗೆ ಹೆಚ್ಚು ಕೆಲಸವಿಲ್ಲ. ಕಲ್ಲು ಖಾಲಿಯಿಲ್ಲ, ತಾತ. ಕೆಳಗಡೆ, ಪಾಚಿಯ ಅಂಚಿನಲ್ಲಿ "ವಾಲ್ಟರ್" ಎಂದಿದೆ. ಆಮೇಲಿನದು ಅಳಿಸಿದೆ. ಕೊನೆಯಲ್ಲಿ "ಐದು ವಾರ". ಆ ಕೂಸಿನದೆಂದು ಭೂಮಿಯ ಮೇಲೆ ಉಳಿದದ್ದು ಅಷ್ಟೇ, ಡೆನ್ಜಿಲ್ ಉಜ್ಜಿದರೆ ಅದೂ ಇರುವುದಿಲ್ಲ. "ಹೆಸರು ಅಳಿಸಕ್ಕೆ ಮಳೆ ಇದೆ, ನಾವ್ಯಾಕೋ ಕೈ ಜೋಡಿಸ್ಬೇಕು?" ಎಂದು ನನ್ನ ಕೈಯಿಂದ ತಂತಿ ಬ್ರಷ್ ಕಿತ್ತುಕೊಂಡವನು ನೀನೇ.

ಬೇಕಾದಷ್ಟು ಬೈ ನನ್ನನ್ನು. ಆ ಬ್ರಷ್ಷಿನಲ್ಲೇ ಬಾರಿಸು. ಆದರೆ ಅದಕ್ಕೆ ನೀನು ಎದ್ದು ಬರಬೇಕು. ಹ್ಯಾರಿಯೆಟ್ ಇನ್ನೂ ಸಿಕ್ಕಿಲ್ಲ. ಗೋಡೆಯುದ್ದಕ್ಕೂ ಮರಗಳಿವೆ, ಆಚೆ ಸಾಲು ಪೂರ್ತಿ ಬಾಕಿಯಿದೆ. ಕನ್ನಡಿ ಒರೆಸಿಟ್ಟಿದ್ದೇನೆ.

ಸುಳ್ಳು ಓದಿ, ನಿಜ ಬರೆದ,
ನಿನ್ನ ಕತ್ತೆ
ನೆಡ್

ಮರೆತದ್ದಲ್ಲ, ಧೈರ್ಯ ಸಾಲದೆ ಕೆಳಗೆ ಉಳಿಸಿಕೊಂಡದ್ದು: ಕೆಲಸ ಬೇಡವೆಂದು ಡೆನ್ಜಿಲ್‌ಗೆ ಆಗಲೇ ಫೋನ್ ಮಾಡಿದ್ದೇನೆ, ನಿನ್ನ ದನಿಯಲ್ಲಿ. ನಂಬಿದ. "ಸರಿ ಸಿರಿಲ್. ಆದ್ರೆ ಅಜ್ಜಿ ಹೆಸರಿನ ಕೆಳಗೆ ನಿನ್ನ ಹೆಸರಿಗೂ ಜಾಗ ಬಿಡು ಅಂದಿದ್ಯಲ್ಲ, ಶುಕ್ರವಾರ ಆದ್ಮೇಲೆ ಬೇಕಾಗ್ಬೋದು ಅಂತ. ಅದಕ್ಕೇನ್ ಮಾಡ್ಲಿ?" ಅಂದ. ಹೊಸಬರಿಗೆ ಜಾಗವಿಲ್ಲದ ಈ ಸ್ಮಶಾನದಲ್ಲಿ ಮನೆಯವರ ಸಮಾಧಿ ಇದ್ದರೆ ಬೂದಿ ಇಡಲು ಒಪ್ಪುತ್ತಾರೆಂದು ಹಿಂದೊಮ್ಮೆ ನೀನು ಹೇಳಿದಾಗ, ಬರೀ ವಿಷಯ ತಿಳಿಸುತ್ತಿದ್ದೀಯೆಂದುಕೊಂಡಿದ್ದೆ. ನಿನ್ನ ದನಿ ನನ್ನ ಗಂಟಲಲ್ಲಿ ಒಡೆಯತೊಡಗಿತು. ಆದರೂ ನಿನ್ನ ಹಾಗೆಯೇ ಒಮ್ಮೆ ಕೆಮ್ಮಿ ಹೇಳಿದೆ: "ಅದಕ್ಕೇನೂ ಅವಸರ ಇಲ್ಲ ಕಣಯ್ಯ."