ನಾನು ನಿಜವಾಗಿಯೂ ಸೋತೆನೆಂದು ಘೋಷಿಸುವ ಕುರಿತು

ಮಾನ್ಯ ಕಲ್ಯಾಣಾಧಿಕಾರಿಗಳೇ,

ಐರೋಲಿಯ ಶಾಲೆಯೊಂದರಲ್ಲಿ ನಡೆಯುತ್ತಿರುವ ಅಂಗವಿಕಲರ ಬೇಸಿಗೆ ಶಿಬಿರಕ್ಕೆ ಕಳೆದ ಶನಿವಾರ ತಾವು ಮುಖ್ಯ ಅತಿಥಿಯಾಗಿ ಬಂದು ನನಗೊಂದು ಶಾಲು ಹೊದಿಸಿದಿರಿ. ಕ್ಯಾರಂ ಫೈನಲ್‌ನಲ್ಲಿ ನಾನು ಬೇಕೆಂದೇ ಸೋತು, ಗಾಲಿಕುರ್ಚಿಯಲ್ಲಿ ಕುಳಿತ ಹೆಣ್ಣುಮಗಳೊಬ್ಬಳನ್ನು ಗೆಲ್ಲಿಸಿದ ಔದಾರ್ಯಕ್ಕೆ ಸಂದ ಗೌರವ ಅದು. ನನ್ನ ದೂರು ಇಷ್ಟೇ. ನಾನು ಬೇಕೆಂದು ಸೋಲಲಿಲ್ಲ. ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಆಡಿ ಸೋತೆ. ಆ ಸೋಲನ್ನು ದಯವಿಟ್ಟು ನನಗೆ ಹಿಂದಿರುಗಿಸಬೇಕು.

ತಮಗೆ ಕನ್ನಡ ಬರುವುದಿಲ್ಲವೆಂದು ಬಲ್ಲೆ. ಆದರೆ ಬಹಿರಂಗ ಪತ್ರವನ್ನು ಯಾರಿಗೆ ಬರೆಯಲಾಗಿದೆಯೋ ಅವರೇ ಓದುವ ಪದ್ಧತಿ ಯಾವ ಭಾಷೆಯಲ್ಲೂ ಇಲ್ಲವಾದ್ದರಿಂದ ಇದನ್ನು ದೊಡ್ಡ ಅಡಚಣೆಯೆಂದು ನಾನು ಎಣಿಸಿಲ್ಲ. ಮರಾಠಿ ಪ್ರತಿಯೊಂದು ಜೊತೆಗಿದೆ. ಅದರ ಬಗ್ಗೆ ಕೊನೆಯಲ್ಲಿ ಹೇಳುತ್ತೇನೆ.

ಮೊದಲು ನನ್ನ ಅರ್ಹತೆ. ನಾನು ಡೊಂಬಿವಲಿಯ ಒಂದು ಹೌಸಿಂಗ್ ಸೊಸೈಟಿಯಲ್ಲಿ ಕುಳಿತು ಕಥೆ ಬರೆಯುವವನು. ಎರಡು ತೆಳ್ಳನೆಯ ಸಂಕಲನಗಳಿವೆ. ನನ್ನ ಕಥೆಗಳಲ್ಲಿ ಯಾರೂ ಗೆಲ್ಲುವುದಿಲ್ಲ. ಇದನ್ನು ವಿಮರ್ಶಕರೊಬ್ಬರು ‘ಸೋಲಿನ ಸೂಕ್ಷ್ಮ ಶೋಧ’ ಎಂದು ಮೆಚ್ಚಿದ್ದರು. ಅವರು ನನ್ನ ಹೆಂಡತಿಯ ಚಿಕ್ಕಪ್ಪನ ಮಗ. ಹೆಂಡತಿ ಜಯಲತಾ ಕಥೆಗಳನ್ನು ಓದುವುದಿಲ್ಲ, ಶಿಬಿರ ನಡೆಸುತ್ತಾಳೆ. ಈ ಮೇ ತಿಂಗಳಲ್ಲಿ ಸ್ವಯಂಸೇವಕರು ಕಡಿಮೆಯಾದಾಗ ಅವಳ ಕಣ್ಣು ನನ್ನ ಮೇಲೆ ಬಿತ್ತು. “ಮನೆಯಲ್ಲಿ ಕೂತು ಮನುಷ್ಯನ ಏಕಾಂಗಿತನ ಏಕಾಂಗಿತನ ಅಂತ ಬರೀತೀರಲ್ಲ, ಅಲ್ಲಿ ಬಂದು ನಾಲ್ಕು ಜನಕ್ಕೆ ನೀರಾದ್ರೂ ಕೊಡಿ ಮಾರಾಯ್ರೆ” ಎಂದಳು. ಹೀಗೆ ನಾನು ಠಾಣೆಯಲ್ಲಿ ಗಾಡಿ ಬದಲಿಸಿ ಐರೋಲಿಗೆ ಹೋಗಿಬರುವ ಸಮಾಜಸೇವಕನಾದೆ.

ತಾವು ಶಿಬಿರವನ್ನು ಶನಿವಾರ ಮಾತ್ರ ನೋಡಿದ್ದೀರಿ. ಶನಿವಾರ ಅತಿಥಿಗಳ ದಿನ. ಅಂದು ಎಲ್ಲರೂ ಬೆಳಗಿನಿಂದ ಒಂದೇ ಬಣ್ಣದ ಟೋಪಿ ಹಾಕಿಕೊಂಡು ತಮ್ಮಂಥವರ ಕಾರಿಗಾಗಿ ಕಾಯುತ್ತಾರೆ. ಉಳಿದ ವಾರ ಬೇರೆಯೇ ಇರುತ್ತದೆ. ಸೋಮವಾರದ ವ್ಯಾಯಾಮದಲ್ಲಿ ಎಲ್ಲರ ಮುಂದೆ ನಿಂತು ಕಾಲ್ಬೆರಳು ಮುಟ್ಟಿ ತೋರಿಸುವ ಕೆಲಸ ನನಗೆ ಬಂತು. ಮೊಣಕಾಲಿನವರೆಗೆ ಹೋಗಿ ನಿಂತೆ. ಲೀಲಾಧರರು, ಒಂದು ಕಾಲು ಪೋಲಿಯೋಗೆ ಸೋತವರು, ವಯಸ್ಸಿನಲ್ಲಿ ನನಗಿಂತ ಹಿರಿಯರು, ಕುಳಿತಲ್ಲಿಂದಲೇ “ಸಾಕು ಬಿಡಿ, ಅಲ್ಲಿಗೇ ಬೆರಳುಂಟು ಅಂತ ತಿಳ್ಕೊಳ್ಳುವ” ಎಂದರು. ಮಂಗಳವಾರ ಜೇಡಿಮಣ್ಣಿನ ತರಗತಿ. ನಾನೊಂದು ಆನೆ ಮಾಡಿದೆ. ಕಣ್ಣು ಕಾಣದ ಅನೀಶ ಅದನ್ನು ತಡವಿ ನೋಡಿ, “ಆಲೂ ಅಚ್ಛಾ ಬನಾಯಾ ಅಂಕಲ್” ಎಂದು ನನ್ನ ಆಲೂಗಡ್ಡೆಯನ್ನು ಮೆಚ್ಚಿದ. ಬುಧವಾರ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ದಂಡೆಗೆ ಹೋಗಿ ಫ್ಲೆಮಿಂಗೊ ನೋಡುವ ಕಾರ್ಯಕ್ರಮ. ಹಕ್ಕಿಗಳ ಗುಲಾಬಿ ಬಣ್ಣದ ಬಗ್ಗೆ ನನಗೊಂದು ಒಳ್ಳೆಯ ವಾಕ್ಯ ಹೊಳೆದ ಹೊತ್ತಿಗೇ ನಾನು ತಳ್ಳುತ್ತಿದ್ದ ಗಾಲಿಕುರ್ಚಿ ಚರಂಡಿಯ ಅಂಚಿಗೆ ಬಂದಿತ್ತು. “ಕಾಕಾ, ಬ್ರೇಕ್ ಮಾರೋ ನಾ, ಕವಿತೆ ಆಮೇಲೆ” ಎಂದವಳೇ ಪ್ರಾಜಕ್ತಾ, ತಮ್ಮ ಭಾಷಣದ ‘ಗೆಲ್ಲಿಸಲ್ಪಟ್ಟ’ ಹುಡುಗಿ.

ಹುಡುಗಿಯೆಂದು ತಾವು ಅಂದಿರಿ. ನಮ್ಮ ಶಿಬಿರದಲ್ಲಿ ನಾವು ಇನ್ನೂ ಮುಂದೆ ಹೋಗಿ ಎಲ್ಲರನ್ನೂ ‘ಮಕ್ಕಳು’ ಎನ್ನುತ್ತೇವೆ. ಆ ಲೆಕ್ಕದಲ್ಲಿ ಲೀಲಾಧರರೂ ಮಗು. ಪ್ರಾಜಕ್ತಾ ಇಪ್ಪತ್ತೆಂಟರ ಹೆಂಗಸು. ವಿಜಾಪುರದ ಕಡೆಯ ಕುಟುಂಬ, ಇಲ್ಲೇ ಹತ್ತಿರದ ದಿವಾದಲ್ಲಿ ತಂದೆಯ ಬಟ್ಟೆ ಅಂಗಡಿ. ಅಂಗಡಿಗೆ ಫೋನಿನಲ್ಲಿ ಬರುವ ಆರ್ಡರುಗಳೆಲ್ಲ ಅವಳದೇ ಜವಾಬ್ದಾರಿ. ಹುಟ್ಟುವಾಗ ಮಿದುಳಿಗೆ ಗಾಳಿ ಕಡಿಮೆಯಾದ್ದರಿಂದ ಕಾಲುಗಳು ನಿಲ್ಲುವುದಿಲ್ಲ, ಬಲಗೈ ಹೇಳಿದ ಮಾತು ಕೇಳುವುದಿಲ್ಲ. ಎಡಗೈ ಕೇಳುತ್ತದೆ, ಆದರೆ ತನಗೆ ಮನಸ್ಸು ಬಂದಾಗ. ಮಾತು ನಿಧಾನ, ಒಂದೊಂದು ಪದಕ್ಕೂ ದವಡೆಯೊಡನೆ ಸಣ್ಣದೊಂದು ಚೌಕಾಸಿ ನಡೆಸಬೇಕು. ಹಾಗಾಗಿ ಅವಳು ಅನಗತ್ಯವಾದದ್ದನ್ನು ಹೇಳುವುದಿಲ್ಲ. ಬರವಣಿಗೆಯವರಿಗೂ ಇಂಥದೇನಾದರೂ ಇರಬೇಕಿತ್ತು ಎಂದು ನನಗೆ ಆಗಾಗ ಅನ್ನಿಸಿದೆ.

ಗುರುವಾರ, ಶುಕ್ರವಾರ ಕ್ಯಾರಂ ಸ್ಪರ್ಧೆ. ಇಲ್ಲಿ ನಮ್ಮಲ್ಲೊಂದು ಬರೆಯದ ನಿಯಮವಿದೆ: ಸ್ವಯಂಸೇವಕರು ಸೋಲಬೇಕು. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಎಲ್ಲರೂ ಸುಲಭದ ಕಾಯಿಯನ್ನು ಕೂದಲೆಳೆಯಲ್ಲಿ ತಪ್ಪಿಸಿ ತಲೆ ಕೊಡವುತ್ತಾರೆ. ನನಗೆ ಮಾತ್ರ ಬಾಯಿಬಿಟ್ಟೇ ಹೇಳಬೇಕಾಯಿತು. “ನಿಮ್ಮ ಕ್ಯಾರಂ ಪೌರುಷ ಅಲ್ಲಿ ತೋರಿಸ್ಬೇಡಿ, ಗೊತ್ತುಂಟಲ್ಲ?” ಎಂದು ಜಯಲತಾ ಎಚ್ಚರಿಸಿದ್ದಳು. ಕಾರಣವಿತ್ತು. ಗೆಲುವು ಸೋಲುಗಳ ಆಚೆಗಿನ ನಿರ್ಲಿಪ್ತತೆಯ ಬಗ್ಗೆ ಬರೆಯುವ ನಾನು ಸೊಸೈಟಿಯ ಗಣೇಶೋತ್ಸವದ ಕ್ಯಾರಂನಲ್ಲಿ ಎದುರಾಳಿಗಳ ಜೊತೆ ಮಾತು ಬಿಟ್ಟಿರುವುದುಂಟು.

ನಾನು ಅವಳ ಮಾತು ಕೇಳಲಿಲ್ಲ. ಗುರುವಾರ ಎದುರಿಗೆ ಬಂದವರನ್ನೆಲ್ಲ ಸೋಲಿಸಿದೆ. ಲೀಲಾಧರರನ್ನು ಸೋಲಿಸಿ ಮೀಸೆಯಲ್ಲಿ ನಕ್ಕೆ. ಇದು ತಮ್ಮ ಗಮನಕ್ಕೆ ಬರಲಿಲ್ಲವೇ? ಫೈನಲ್‌ವರೆಗೆ ಒಬ್ಬೊಬ್ಬರನ್ನೇ ಚಚ್ಚಿ ಬಂದ ಮನುಷ್ಯನಿಗೆ ಕೊನೆಯ ಪಂದ್ಯದಲ್ಲಿ ಮಾತ್ರ ಔದಾರ್ಯ ಹೇಗೆ ಹುಟ್ಟಿತೆಂದು ತಮ್ಮ ಭಾಷಣ ಸಿದ್ಧಪಡಿಸಿದವರು ಯಾರಾದರೂ ಕೇಳಬಹುದಿತ್ತಲ್ಲವೇ?

ಶುಕ್ರವಾರದ ಫೈನಲ್‌ಗೆ ಅಂಪೈರು ಸರ್ವೋತ್ತಮರು. ಠಾಣೆಯ ನೌಪಾಡಾದಲ್ಲಿ ಹೋಟೆಲು ನಡೆಸಿ ಈಗ ಶಿಬಿರದ ಅಡುಗೆ ನೋಡಿಕೊಳ್ಳುವವರು. ಪ್ರಾಜಕ್ತಾ ಎಡಗೈಯ ಹೆಬ್ಬೆರಳಿನಿಂದ ಆಡುತ್ತಾಳೆ. ಪ್ರತಿ ಹೊಡೆತಕ್ಕೂ ಮುನ್ನ ಕೈಯ ನಡುಕ ತಾನಾಗಿ ನಿಲ್ಲುವವರೆಗೆ ಕಾಯುತ್ತಾಳೆ. ಆ ಕಾಯುವಿಕೆ ಎದುರಿನವನನ್ನು ಕೊಲ್ಲುತ್ತದೆ. ನನ್ನ ಅಂಗೈ ಬೆವರಿ, ಬೋರ್ಡಿಗೆ ಉದುರಿಸಿದ್ದ ಬೋರಿಕ್ ಪುಡಿ ಕಲಸಿದ ಹಿಟ್ಟಾಯಿತು. ಆಟ ಕೈಜಾರುತ್ತಿದೆ ಅನ್ನಿಸಿದಾಗ ಅವಳ ಗಾಲಿಕುರ್ಚಿಯ ತೋಳು ಬೋರ್ಡಿಗೆ ತಾಗಿ ಬೋರ್ಡು ಒಂದಿಷ್ಟು ಅಲುಗಿತು. ನಾನು ಎದ್ದು ನಿಂತು “ಫೌಲ್” ಎಂದೆ.

ಮಾನ್ಯರೇ, ಈ ಪದವನ್ನು ತಾವು ದಯವಿಟ್ಟು ಇನ್ನೊಮ್ಮೆ ಓದಬೇಕು. ಗಾಲಿಕುರ್ಚಿ ತಾಗಿತೆಂದು ಗಾಲಿಕುರ್ಚಿಯವಳ ಮೇಲೆ ಫೌಲ್ ಕೇಳಿದ ಮನುಷ್ಯನಿಗೆ ತಾವು ಔದಾರ್ಯದ ಶಾಲು ಹೊದಿಸಿದ್ದೀರಿ.

ಸರ್ವೋತ್ತಮರು ಒಂದು ಗಳಿಗೆ ನನ್ನ ಮುಖ ನೋಡಿದರು. “ಫೌಲ್ ಅಂದ್ರೆ ಫೌಲ್. ಪ್ರಾಜಕ್ತಾ, ಒಂದು ಕಾಯಿ ವಾಪಸ್ ಇಡು” ಎಂದರು. ಸುತ್ತ ನಿಂತವರು ನಕ್ಕರು. ನಾನು ತಮಾಷೆಗೆ ಖಳನಾಯಕನಾಗಿದ್ದೇನೆಂದು ತಿಳಿದರು. ಪ್ರಾಜಕ್ತಾ ನಗಲಿಲ್ಲ. ಕಾಯಿ ಇಟ್ಟು, “ಬರೋಬರ್. ರೂಲ್ ಅಂದ್ರ ರೂಲ್” ಎಂದಳು. ಅವಳ ಕಣ್ಣಲ್ಲೊಂದು ಸಂತೋಷವಿತ್ತು. ಅದೇನೆಂದು ಆಗ ತಿಳಿಯಲಿಲ್ಲ. ಶಿಬಿರಕ್ಕೆ ಬಂದಂದಿನಿಂದ ಅವಳ ಮೇಲೆ ಯಾರೂ ಫೌಲ್ ಕೇಳಿರಲಿಲ್ಲ.

ಆಮೇಲೆ ಅವಳು ಕೆಂಪು ರಾಣಿಯನ್ನು ಹಾಕಿದಳು. ರಾಣಿಯ ಬೆನ್ನಿಗೇ ತನ್ನ ಕಾಯಿಯೊಂದನ್ನು ಹಾಕದಿದ್ದರೆ ರಾಣಿ ಮರಳಿ ನಡುವಿಗೆ ಬರುತ್ತದೆ. ಅವಳಿಗೆ ಉಳಿದಿದ್ದದ್ದು ಒಂದೇ ಬಿಳಿ. ಅದಕ್ಕೆ ಅಡ್ಡವಾಗಿ ನನ್ನ ಕೊನೆಯ ಕರಿಯ ಕಾಯಿ ಕಾವಲು ಕುಳಿತಿತ್ತು. ಅವಳು ಕಾದಳು. ನಡುಕ ನಿಂತಿತು. ಸ್ಟ್ರೈಕರ್ ಎದುರಿನ ಗೋಡೆಗೆ ಬಡಿದು ಓರೆಯಾಗಿ ಹಿಂದಿರುಗಿ, ನನ್ನ ಕರಿಯನನ್ನು ಮುಟ್ಟದೆ, ಬಿಳಿಯನ್ನು ಮೂಲೆಗೆ ಕಳಿಸಿತು. ನನ್ನ ಹಲ್ಲು ಕಡಿದ ಸದ್ದು ನನಗೇ ಕೇಳಿಸಿತು. ಸೋಲಿನ ಬಗ್ಗೆ ಎರಡು ಸಂಕಲನ ಬರೆದವನಿಗೆ ಆ ಗಳಿಗೆಯವರೆಗೆ ಸೋಲಿನ ರುಚಿ ಗೊತ್ತಿರಲಿಲ್ಲ. ಬಹಳ ಕಹಿ. ಕಥೆಗಳಲ್ಲಿ ನಾನದನ್ನು ಸ್ವಲ್ಪ ಮಂದ ಮಾಡಿ ಬರೆದಿದ್ದೆ.

ಮರುದಿನ ತಾವು ಬಂದಿರಿ. ಯಾರೋ ತಮ್ಮ ಕಿವಿಯಲ್ಲಿ ಏನೋ ಹೇಳಿದರು. ತಾವು ಮೈಕಿನಲ್ಲಿ, “ಈ ಹಿರಿಯರು ತಾವು ಸೋತು ಹುಡುಗಿಯೊಬ್ಬಳ ಮುಖದಲ್ಲಿ ನಗು ತಂದರು” ಎಂದು ಮರಾಠಿಯಲ್ಲಿ ಹೇಳಿ ನನ್ನನ್ನು ಕರೆದಿರಿ. ಸನ್ಮಾನಗಳನ್ನು ಲೇವಡಿ ಮಾಡಿ ನಾನು ಬರೆದ ಪ್ರಬಂಧಗಳಿಗೆ ಲೆಕ್ಕವಿಲ್ಲ. ಆದರೂ ಶಾಲು ಹತ್ತಿರ ಬಂದಾಗ ಕತ್ತು ತಾನಾಗಿ ಬಾಗಿತು. ಯಾವ ತರಬೇತಿಯೂ ಇಲ್ಲದ ಕತ್ತು ಅಷ್ಟು ಸರಿಯಾದ ಕೋನದಲ್ಲಿ ಬಾಗಿದ್ದು ನನಗೇ ಆಶ್ಚರ್ಯ. ಎರಡು ಮಾತಾಡಿ ಎಂದಿರಿ. “ಇದರಲ್ಲಿ ನನ್ನದೇನೂ ಇಲ್ಲ, ಅವಳು ಚೆನ್ನಾಗಿ ಆಡಿದಳು” ಎಂದೆ. ಅಕ್ಷರಶಃ ಸತ್ಯ. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಹೊರಗೆ ಪ್ರಾಜಕ್ತಾಳ ತಾಯಿ ಕಲ್ಲವ್ವ ಕೈ ಮುಗಿದರು. “ನನ್ ಮಗಳ ಸಲುವಾಗಿ ಸೋತ್ರಿ ಸರ. ದೇವರು ನಿಮಗ ಚಲೋ ಮಾಡ್ಲಿ.”

“ಇಲ್ಲಮ್ಮ, ನಾನು ನಿಜವಾಗ್ಲೂ ಸೋತೆ” ಎಂದೆ.

“ಅದ ನೋಡ್ರಿ ದೊಡ್ಡತನ. ಮಾಡಿದ್ದು ಹೇಳ್ಕೊಳ್ಳಂಗಿಲ್ಲ ನೀವು.”

ಅವರ ಪಕ್ಕದಲ್ಲಿ ಪ್ರಾಜಕ್ತಾ ನನ್ನ ಶಾಲನ್ನು ನೋಡುತ್ತಿದ್ದಳು. “ಖರೇ ಹೇಳ್ರಿ ಕಾಕಾ. ಬಿಟ್ಟು ಕೊಟ್ರಿ?”

ಇಲ್ಲವೆಂದೆ. ಆಣೆಯಿಟ್ಟೆ. ನಿಜವಾಗಿ ಸೋತವರಂತೆಯೇ ಬೇಕೆಂದು ಸೋತವರೂ ಆಣೆಯಿಡುತ್ತಾರೆ ಎಂಬುದು ಅವಳಿಗೆ ಗೊತ್ತು; ಅವಳು ಜೀವನವಿಡೀ ಅಂಥವರ ನಡುವೆ ಗೆಲ್ಲುತ್ತ ಬಂದವಳು. ಸೋಮವಾರ ಅವಳು ಕ್ಯಾರಂ ಕೋಣೆಗೆ ಬರಲಿಲ್ಲ, ಮಣಿ ಪೋಣಿಸುವವರ ಜೊತೆ ಕುಳಿತಳು. ಮುಂದಿನ ತಿಂಗಳು ಕಲ್ಯಾಣ ಪಟ್ಟಣದಲ್ಲಿ ಎಲ್ಲರಿಗೂ ಮುಕ್ತವಾದ ಕ್ಯಾರಂ ಪಂದ್ಯಾವಳಿಯಿದೆ. ಶಿಬಿರದ ವಿಜೇತೆಯೆಂದು ಅವಳ ಹೆಸರು ಕೊಡಲಾಗಿತ್ತು. ಅದನ್ನು ತೆಗೆಯಿರಿ ಎಂದಿದ್ದಾಳೆ. “ಅಲ್ಲಿ ಯಾರೂ ಬಿಟ್ಟು ಕೊಡಂಗಿಲ್ಲ. ಖೋಟಾ ಗೆಲುವ್ ತಗೊಂಡ್ ಹೋಗಿ ನಗಿಸ್ಕೊಳ್ಳಲೇನ್?”

ಮತ್ತೊಮ್ಮೆ ಆಡೋಣವೆಂದೆ.

“ನೀವ್ ಗೆದ್ರ ಮೊದಲಿಂದು ಖೋಟಾ ಆತು. ಸೋತ್ರ ಇದೂ ಖೋಟಾ” ಎಂದು ಮಣಿ ಪೋಣಿಸಿದಳು. ಇದಕ್ಕೆ ಉತ್ತರ ತಮ್ಮ ಕಚೇರಿಯಲ್ಲಿ ಇದೆಯೇ?

ಸಾಕ್ಷಿಗೆ ಸರ್ವೋತ್ತಮರ ಬಳಿ ಹೋದೆ. ಅವರು ಸಾಂಬಾರಿನ ಸೌಟು ಬಿಡದೆ ಹೇಳಿದರು: “ನೀವು ಹಲ್ಲು ಕಡಿದದ್ದು ನಾನು ಕಂಡಿದ್ದೇನೆ. ಎಂಥ ಆ್ಯಕ್ಟಿಂಗ್ ಅಂತ ಇಷ್ಟು ದಿನ ಹೊಗಳ್ತಾ ಇದ್ದೆ. ಆದ್ರೆ ಒಂದು ಮಾತು. ಆಫೀಸರ್ರು ಮೈಕಿನಲ್ಲಿ ಹೇಳಿದ್ದನ್ನು ಅಡುಗೆಯವ ಅಲ್ಲ ಅಂದ್ರೆ ಯಾರು ಕೇಳ್ತಾರೆ?” ಜಯಲತಾಳಿಗಂತೂ ನನ್ನ ಬಗ್ಗೆ ಮದುವೆಯಾದ ಮೇಲೆ ಮೊದಲ ಬಾರಿಗೆ ಹೆಮ್ಮೆಯಾಗಿತ್ತು. ಅದನ್ನು ಕೆಡಿಸುವ ಸಂಕಟವೂ ನನ್ನ ಪಾಲಿಗೇ ಬಂತು. ಪೂರ್ತಿ ಕೇಳಿದ ಮೇಲೆ ಅವಳು, “ಗಾಲಿಕುರ್ಚಿ ತಾಗಿದ್ದಕ್ಕೆ ಫೌಲ್ ಕೇಳಿದ್ರಾ?” ಎಂದಷ್ಟೇ ಅಂದು ಒಳಗೆ ಹೋದಳು. ಅವಳು ನನ್ನನ್ನು ನಂಬಿದಳು. ನನ್ನನ್ನು ಬಲ್ಲವರಿಗೆ ನಂಬುವುದು ಕಷ್ಟವಲ್ಲ.

ಮಾನ್ಯರೇ, ತಮ್ಮ ವ್ಯವಸ್ಥೆ ಪ್ರಾಜಕ್ತಾಳ ಕೈಕಾಲುಗಳನ್ನು ಅಳೆದು, ಅಂಗವೈಕಲ್ಯ ಶೇಕಡಾ ಇಷ್ಟು ಎಂದು ಮೊಹರು ಹಾಕಿ ಕೊಟ್ಟಿದೆ. ತಾನು ಏನು ಮಾಡಲಾರೆ ಎಂಬುದನ್ನು ಸಾಬೀತುಪಡಿಸಲು ಅವಳು ಎಷ್ಟೋ ಸರದಿಗಳಲ್ಲಿ ಕಾದಿದ್ದಾಳೆ. ಏನು ಮಾಡಬಲ್ಲೆ ಎಂಬುದನ್ನು ಸಾಬೀತುಪಡಿಸುವ ಕಿಟಕಿ ಯಾವುದು? ಅದು ತೆರೆಯುವ ವೇಳೆ ಎಷ್ಟು? ಅಂಥದ್ದು ಇಲ್ಲವಾದರೆ ನನ್ನನ್ನಾದರೂ ಅಳೆಯಿರಿ. ಕ್ಯಾರಂನಲ್ಲಿ ನನ್ನ ನ್ಯೂನತೆ ಶೇಕಡಾ ಎಷ್ಟೆಂದು ವೈದ್ಯರ ಮಂಡಳಿಯಿಂದ ಬರೆಸಿಕೊಡಿ. ನಾನು ಸರದಿಯಲ್ಲಿ ನಿಲ್ಲಲು ಸಿದ್ಧ. ಕಾಲ್ಬೆರಳು ಮುಟ್ಟಿ ತೋರಿಸೆನ್ನದಿದ್ದರೆ ಸಾಕು.

ನನ್ನ ಬೇಡಿಕೆ ಇಷ್ಟು. ಬರುವ ಶನಿವಾರ ಶಿಬಿರದ ಕೊನೆಯ ದಿನ. ತಾವು ಬರಬೇಕು. ಅದೇ ಮೈಕಿನಲ್ಲಿ, ಅದೇ ದನಿಯಲ್ಲಿ, ಪ್ರಾಜಕ್ತಾ ಫೌಲಿನ ದಂಡ ತೆತ್ತೂ ಗೆದ್ದಳು, ಈ ಮನುಷ್ಯ ಪೂರ್ತಿ ಪ್ರಯತ್ನಪಟ್ಟು ಸೋತ ಎಂದು ಹೇಳಬೇಕು. ಶಾಲನ್ನು ಇದರೊಂದಿಗೆ ಹಿಂದಿರುಗಿಸಿದ್ದೇನೆ. ನಿಜ ಹೇಳಬೇಕೆಂದರೆ ಅದು ನನಗೆ ಒಪ್ಪುತ್ತಿತ್ತು. ಎರಡು ಸಲ ಕನ್ನಡಿಯ ಮುಂದೆ ನೋಡಿಕೊಂಡಿದ್ದೇನೆ.

ಇಷ್ಟನ್ನೂ ಬರೆದು ಪ್ರಾಜಕ್ತಾಳಿಗೆ ಓದಿ ಹೇಳಿದೆ. ಅವಳು ಮಣಿ ಪೋಣಿಸುತ್ತಲೇ ಕೇಳಿದಳು. ಫೌಲಿನ ಭಾಗ ಬಂದಾಗ ಮಾತ್ರ ಕೈ ನಿಂತಿತು. ಮುಗಿದ ಮೇಲೆ, “ಕಿತೀ ಲಾಂಬ್, ಎಷ್ಟುದ್ದ ಕಾಕಾ. ಸಾಹೇಬ್ರು ಓದಂಗಿಲ್ಲ” ಎಂದು ಫೋನು ತೆಗೆದು, ಆ ಹೆಬ್ಬೆರಳಿನಿಂದಲೇ, ಕಾಯುತ್ತ ಕಾಯುತ್ತ, ಮರಾಠಿ ಪ್ರತಿಯನ್ನು ತಾನೇ ತಯಾರಿಸಿದಳು. ಅದನ್ನೇ ಲಗತ್ತಿಸಿದ್ದೇನೆ. ನನ್ನ ಇಷ್ಟುದ್ದದ ಪತ್ರ ಅದರಲ್ಲಿ ಒಂದು ಸಾಲಾಗಿದೆ: ‘ಕಾಕಾ ಹರಲೇ, ಮೀ ಜಿಂಕಲೇ.’ ಕಾಕಾ ಸೋತರು, ನಾನು ಗೆದ್ದೆ. ಕೆಳಗೆ ತಮ್ಮ ಸಹಿಗೆ ಜಾಗ ಬಿಟ್ಟಿದ್ದಾಳೆ.

“ಈಗ ನಂಬ್ತೀಯಾ?” ಎಂದು ಕೇಳಿದೆ.

“ಸಹೀ ಬರ್ಲಿ” ಎಂದಳು. ಫೋನು ಬದಿಗಿಟ್ಟು ಇನ್ನೊಂದು ಮಣಿ ಪೋಣಿಸಿ, “ಕಲ್ಯಾಣದವರಿಗೆ ಹೇಳ್ರಿ, ಶನಿವಾರದ ತನಕ ನನ್ ಹೆಸ್ರು ತಗೀಬ್ಯಾಡ್ರಿ ಅಂತ.”

ಇಂತಿ,
ತಮ್ಮ ಸಹಿಯೊಂದರಿಂದ ಸೋಲಲು ಕಾಯುತ್ತಿರುವ,
ಶಾಲಿಲ್ಲದ ರನ್ನರ್-ಅಪ್,
ಡೊಂಬಿವಲಿ ಪೂರ್ವ