ತಣ್ಣಗಿದ್ದ ದಿನದ ಸೋಡಿಯಂ

ತಾರೀಕು ಹದಿನಾಲ್ಕು, ಗುರುವಾರ

ಉಬ್ಬುವ, ಕುಗ್ಗುವ, ಮಿನುಗುವ ಸಮಸ್ತ ನಕ್ಷತ್ರಗಳ ಒಡತಿ, ಬೆಟ್ಟದ ದೂರದರ್ಶಕದ ಪಟ್ಟದರಸಿ, ನನ್ನ ಕಿವಿ ಹಿಂಡುವ ಸರ್ವಾಧಿಕಾರ ಹೊಂದಿದ ಅಕ್ಕನ ದಿವ್ಯ ಸನ್ನಿಧಾನಕ್ಕೆ ತಮ್ಮನ ಸಾಷ್ಟಾಂಗ ನಮಸ್ಕಾರಗಳು.

ಉತ್ತರ ತಡವಾಯಿತು, ಕ್ಷಮಿಸು. ಕೆಲಸವಿತ್ತು ಎಂದು ಬರೆಯಬಹುದಿತ್ತು. ಸಿಟ್ಟಿತ್ತು.

ಅಮ್ಮ ಚೆನ್ನಾಗಿದ್ದಾಳೆ. "ಸ್ವೆಟರ್ ಹಾಕ್ಕೋ ಅಂತ ಅವಳಿಗೆ ಬರಿ" ಎಂದಳು, ಬರೆದಿದ್ದೇನೆ. ಪ್ರಯೋಗಾಲಯದಲ್ಲಿ ನಿನ್ನ ಕುರ್ಚಿಯ ಮೇಲೆ ಈಗ ಪ್ರಿಂಟರ್ ಕೂತಿದೆ. ನಿನಗಿಂತ ಕಡಿಮೆ ಬೈಯುತ್ತದೆ.

ಇನ್ನು ನಿನ್ನ ಹೊಸ ಜೊತೆಗಾರ, ಶ್ರೀಮಾನ್ ದಪ್ಪಕನ್ನಡಕದವರ ವಿಷಯ. ನಿನ್ನ ಪತ್ರದ ಮೂರು ಪುಟಗಳಲ್ಲಿ ಅವರು ಹನ್ನೊಂದು ಸಲ ಬರುತ್ತಾರೆ. ನಾನು ಒಂದು ಸಲ, ಅದೂ ವಿಳಾಸದಲ್ಲಿ. ಅವರು ನಮ್ಮ ನಕ್ಷತ್ರದಲ್ಲಿ ಸೂರ್ಯನಿಗಿಂತ ಮೂರು ಪಟ್ಟು ಸೋಡಿಯಂ ಕಂಡರಂತೆ. ವಯಸ್ಸಾದ ನಕ್ಷತ್ರ, ಒಡಲಲ್ಲಿ ಬೆಂದದ್ದೆಲ್ಲ ಕಲಕಿಕೊಂಡು ಮೇಲೆ ಬಂದಿದೆ ಎಂದರಂತೆ. "ಎಂಥಾ ತಲೆ ಕಣೋ ಅವರದು!" ಎಂದು ನೀನು ಬರೆದಿದ್ದೀಯ. ಅಕ್ಕಾ, ಅದು ನಾವಿಬ್ಬರೂ ಒಂದೇ ಮೇಜಿನಲ್ಲಿ ಕೂತು, ಬೆಳಕನ್ನು ಬಣ್ಣಗಳಾಗಿ ಬಿಡಿಸಿ, ಆ ರೋಹಿತದ ಗೆರೆ ಗೆರೆ ಅಳೆದ ನಕ್ಷತ್ರ.

ಘನ ನ್ಯಾಯಾಲಯದ ಮುಂದೆ ನನ್ನ ವಾದ ಇಷ್ಟೇ. ಹತ್ತು ದಿನಕ್ಕೊಮ್ಮೆ ಉಬ್ಬಿ ಕುಗ್ಗುವ ನಕ್ಷತ್ರ, ಶಾಖವೂ ಏರಿಳಿಯುತ್ತದೆ. ಮಹಾಶಯರು ತಣ್ಣಗಿದ್ದ ದಿನದ ರೋಹಿತಕ್ಕೆ ಬಿಸಿಯಾಗಿದ್ದ ದಿನದ ಶಾಖ ಹಾಕಿದ್ದಾರೆ. ತಣ್ಣಗಿದ್ದಾಗ ಸೋಡಿಯಂ ಗೆರೆ ತಾನಾಗಿಯೇ ದಪ್ಪಗಾಗುತ್ತದೆ. ಬಿಸಿ ಎಂದುಕೊಂಡು ಲೆಕ್ಕ ಹಾಕಿದರೆ ಇಲ್ಲದ ಸೋಡಿಯಂ ಉಕ್ಕುತ್ತದೆ! ಸೋಮವಾರ ನಿನ್ನ ಹೆಸರಿನಲ್ಲಿ ಹೊರಡಬೇಕಾದ ಪ್ರಬಂಧವನ್ನು ನಿಲ್ಲಿಸು. "ಇಷ್ಟೂ ಗೊತ್ತಾಗಲಿಲ್ವಾ ನಿಮಗೆ?" ಎಂದು ಅವರನ್ನು ಕೇಳು. ನನ್ನ ಪರವಾಗಿ ಸ್ವಲ್ಪ ಜೋರಾಗಿಯೇ ಕೇಳು. ನಾಳೆ ಬೆಟ್ಟಕ್ಕೆ ಬರುವ ಜೀಪಿನ ಡ್ರೈವರ್ ಕೈಯಲ್ಲಿ ಈ ಪತ್ರ ಕೊಡುತ್ತಿದ್ದೇನೆ.

ವಯಸ್ಸಿನಲ್ಲಿ ಕಿರಿಯನಾದರೂ ಹೊಟ್ಟೆಕಿಚ್ಚಿನಲ್ಲಿ ಹಿರಿಯನಾದ ನಾನು ಹರಸುತ್ತೇನೆ: ನಿನ್ನ ಬೆಟ್ಟಕ್ಕೆ ಮೋಡ ಕವಿಯದಿರಲಿ.

ನಿನ್ನ
ಕೋತಿಮರಿ

ಮರೆತ ಮಾತು: ರೋಹಿತಗಳ ದಿನಾಂಕದ ಪಟ್ಟಿ ಇಲ್ಲಿಂದಲೇ ಬಂದದ್ದಲ್ಲವೇ? ಅದರಲ್ಲಿ ಬಿಸಿ ದಿನದ ಸಾಲನ್ನೂ ತಣ್ಣನೆ ದಿನದ ಸಾಲನ್ನೂ ಅದಲುಬದಲು ಮಾಡಿ ಕಳಿಸಿದವನು ನಾನು. "ಲೋ, ಇದೇನೋ ಇದು?" ಎಂದು ನೀನು ಫೋನ್ ಮಾಡುತ್ತೀಯ ಅಂದುಕೊಂಡಿದ್ದೆ. ಮೊದಲೆಲ್ಲ ಏನೇ ಅನುಮಾನ ಬಂದರೂ ನೀನು ನನ್ನನ್ನೇ ಕೇಳುತ್ತಿದ್ದೆ. ಈ ಸಲ ನೀನು ಅವರನ್ನು ಕೇಳಿದೆ. ಸರಿಯಾದ ಪಟ್ಟಿ ಜೊತೆಗಿದೆ. ಎರಡು ಸಲ ಲೆಕ್ಕ ಹಾಕಿ ನೋಡಿದೆ: ಸೋಡಿಯಂ ಮೂರು ಪಟ್ಟಲ್ಲ, ಎರಡು. ಆದರೂ ಸೂರ್ಯನಿಗಿಂತ ಹೆಚ್ಚೇ, ಅಂದರೆ ಒಳಗಿನದು ಮೇಲೆ ಬಂದದ್ದು ನಿಜ, ಅವರು ಹೇಳಿದ್ದೇ ಸರಿ. ನಾನು ಒಪ್ಪಿಕೊಂಡೆ ಅಂತ ಮಾತ್ರ ಅವರಿಗೆ ಹೇಳಬೇಡ.