ಬರ್ತೇನೆ ಅಂದದ್ದು

ಕೃಷ್ಣಪ್ಪ ಸರ್,

ಮಂಗಳೂರಿನ ಸಂಜೆ ಪತ್ರಿಕೆಯಲ್ಲಿ ನನ್ನ ವರದಿ ತಿದ್ದುವಾಗ ನೀವು ಮೊದಲು ಕ್ರಿಯಾಪದ ನೋಡುತ್ತಿದ್ದಿರಿ. ನಾನು ದುಬೈಯಲ್ಲಿ ಸ್ಪ್ಯಾನಿಷ್ ಚಾನೆಲ್ಲಿನ ಮುಖ್ಯಸ್ಥೆಯಾದಾಗಲೂ, "ಕನ್ನಡದ ಕ್ರಿಯಾಪದವೇ ಸರಿ ಇಲ್ಲದವಳು!" ಎಂದು ಫೋನಿನಲ್ಲಿ ನಕ್ಕಿದ್ದಿರಿ.

ಇವತ್ತಿನದು ಕೇಳಿ. ಹಿಂದಿ ಧಾರಾವಾಹಿಯೊಂದಕ್ಕೆ ಸ್ಪ್ಯಾನಿಷ್ ಡಬ್ಬಿಂಗ್ ನಡೆದಿತ್ತು. ತಾಯಿ ಅಡುಗೆಮನೆಯಿಂದ ಮಗಳನ್ನು ಕರೆಯುತ್ತಾಳೆ. ಮಗಳಿಗೆ ದನಿ ಕೊಡುವ ಲೂಸಿಯಾ "ವೋಯ್" ಎಂದಳು. ನಾನು ಟೇಕ್ ನಿಲ್ಲಿಸಿ, "ಹೋಗ್ತೇನೆ ಅಂತ ಯಾಕೆ ಹೇಳ್ತಿ? ಬರ್ತೇನೆ ಅನ್ನು!" ಎಂದು ರೇಗಿಬಿಟ್ಟೆ. ಅವಳು ಗಾಬರಿಯಾದಳು. ಸ್ಪ್ಯಾನಿಷ್‌ನಲ್ಲಿ ಯಾರಾದರೂ ಕರೆದರೆ "ಹೋಗ್ತೇನೆ" ಎಂದೇ ಓಗೊಡುವುದು. ಹೊಸಬರಿಗೆ ಅದನ್ನು ಕಲಿಸುವವಳೇ ನಾನು.

ರೆಕಾರ್ಡಿಂಗ್ ಮಾಡುವ ಉಳ್ಳಾಲದ ಫೈಝಲ್ ಮೆಲ್ಲಗೆ ಕೇಳಿದ: "ಮೇಡಂ, ಹುಷಾರುಂಟಲ್ಲ? ಇವತ್ತಿಗೆ ಖಲಾಸ್ ಮಾಡುವಾ?"

"ಬೇಡ. ಯಲ್ಲಾ, ನಡಿ, ಮುಂದಿನ ಸೀನ್" ಎಂದೆ.

ನೀವು ತೀರಿಕೊಂಡ ಸುದ್ದಿ ಬೆಳಿಗ್ಗೆಯೇ ವಾಟ್ಸಾಪಿನಲ್ಲಿ ಬಂದಿತ್ತು. ಯಾರಿಗೂ ಹೇಳಿರಲಿಲ್ಲ. ಕೆಲಸ ಮುಗಿಸಿ ಹೊರಟವಳು ಮಿರ್ದಿಫ್‌ನ ನನ್ನ ಮನೆಯನ್ನೇ ದಾಟಿ ಹೋದೆ, ಕಾರು ತಿರುಗಿಸಿ ಬಂದು ಮತ್ತೆ ದಾಟಿದೆ. ಈಗ ಪೆಟ್ರೋಲ್ ಬಂಕಿನ ಬದಿಯಲ್ಲಿ ನಿಲ್ಲಿಸಿ ಬರೆಯುತ್ತಿದ್ದೇನೆ. ಎಂಜಿನ್ ಆರಿಸಲೂ ಮನಸ್ಸಾಗುತ್ತಿಲ್ಲ.

ಹೋದ ತಿಂಗಳು ಆಸ್ಪತ್ರೆಯಿಂದ ಫೋನ್ ಮಾಡಿ, "ಒಮ್ಮೆ ಬಂದು ಹೋಗು ಮಾರಾಯ್ತಿ" ಎಂದಿರಿ. ನನಗೆ ಮೀಟಿಂಗ್ ಇತ್ತು. "ಬರ್ತೇನೆ ಸರ್" ಎಂದು ಫೋನಿಟ್ಟೆ.

ನಮ್ಮೂರಲ್ಲಿ ಬರುವವರೂ ಅದನ್ನೇ ಹೇಳುತ್ತಾರೆ, ಎದ್ದು ಹೊರಡುವವರೂ ಅದನ್ನೇ ಹೇಳುತ್ತಾರೆ. ನನ್ನದು ನಿಮಗೆ ಯಾವುದಾಗಿ ಕೇಳಿಸಿತು, ಸರ್?

ರಾಜೀವಿ